ಶುಂಠಿ–ಬೆಳ್ಳುಳ್ಳಿ ಕಷಾಯ ಹೃದಯದ ಬ್ಲಾಕ್ ಕರಗಿಸುತ್ತದೆಯೇ? ಕೊಲೆಸ್ಟ್ರಾಲ್ ಹೊರುವ ಪ್ರೋಟೀನ್‌ಗಳು ಹೇಳುವ ಉತ್ತರ

ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಒಂದು ಲೋಟ ಶುಂಠಿ ರಸ, ಒಂದು ಲೋಟ ಬೆಳ್ಳುಳ್ಳಿ ರಸ, ಒಂದು ಲೋಟ ನಿಂಬೆ ರಸ, ಒಂದು ಲೋಟ ಆಪಲ್ ಸೈಡರ್ ವಿನೆಗರ್. ಸಣ್ಣ ಉರಿಯಲ್ಲಿ ಕುದಿಸಿ ಇಳಿಸಬೇಕು. ಆರಿದ ಮೇಲೆ ಜೇನುತುಪ್ಪ ಬೆರೆಸಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಬೇಕು. ಹೃದಯದ ರಕ್ತನಾಳದ ಬ್ಲಾಕ್ ಎಲ್ಲ ಕರಗಿ ಹೋಗುತ್ತದೆ, ಆಂಜಿಯೋಪ್ಲಾಸ್ಟಿಯೂ ಬೇಡ, ಬೈಪಾಸೂ ಬೇಡ. ಕೊನೆಗೆ, "ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ."

ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿರುವ ನನ್ನ ದೊಡ್ಡಪ್ಪನಿಗೂ ಇದು ಕುಟುಂಬದ ಗ್ರೂಪಿನಲ್ಲಿ ಬಂತು. ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ಅವರ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದ್ದರು. ಕಷಾಯ ಕುಡಿದದ್ದು ದೊಡ್ಡ ವಿಷಯವಲ್ಲ. ಅದನ್ನು ನಂಬಿ ಮೂರು ವಾರ ಮಾತ್ರೆ ಬಿಟ್ಟದ್ದು ದೊಡ್ಡ ವಿಷಯ. ಮಾತ್ರೆಯ ಡಬ್ಬಿ ಹಾಗೇ ತುಂಬಿರುವುದನ್ನು ದೊಡ್ಡಮ್ಮ ಗಮನಿಸದೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕೇಳಿದರೆ ದೊಡ್ಡಪ್ಪನ ಉತ್ತರ ಹೀಗಿತ್ತು: "ಹುಣಸೆಹುಳಿ ಹಾಕಿ ತಿಕ್ಕಿದ್ರೆ ಹಿತ್ತಾಳೆ ಪಾತ್ರೆ ಹೊಳಿಯುದಿಲ್ವಾ ಮಗಾ? ಇದೂ ಹಾಗೇ. ಪೈಪಿನಲ್ಲಿ ಕೊಬ್ಬು ಕಟ್ಟಿದೆ, ಹುಳಿ ಹಾಕಿದ್ರೆ ಬಿಡ್ತದೆ."

ಕೇಳಲು ಸರಿ ಅನ್ನಿಸುತ್ತದೆ. ಈ ಫಾರ್ವರ್ಡ್ ಇಷ್ಟು ವರ್ಷ ಸುತ್ತುತ್ತಿರುವುದೂ ಅದಕ್ಕೇ. ಆದರೆ ಹೃದಯದ ರಕ್ತನಾಳ ಅಡುಗೆಮನೆಯ ಪೈಪು ಅಲ್ಲ, ಅಲ್ಲಿನ ಬ್ಲಾಕ್ ಅಂಟಿಕೊಂಡ ಜಿಡ್ಡೂ ಅಲ್ಲ. ಹಾಗಾದರೆ ಏನು? ಅದು ಗೊತ್ತಾಗಬೇಕಾದರೆ ಕೊಲೆಸ್ಟ್ರಾಲ್ ಬಿಟ್ಟು, ಅದನ್ನು ಹೊತ್ತು ತಿರುಗುವ ಪ್ರೋಟೀನ್‌ಗಳ ಕಡೆ ನೋಡಬೇಕು.

ಕೊಲೆಸ್ಟ್ರಾಲ್ ಒಂಟಿಯಾಗಿ ಓಡಾಡುವುದಿಲ್ಲ

ರಕ್ತದ ಬಹುಪಾಲು ನೀರು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ನೋಡಿದ್ದೀರಲ್ಲ? ಹಾಗಾಗಿ ಕೊಬ್ಬು ಮತ್ತು ಕೊಲೆಸ್ಟ್ರಾಲನ್ನು ರಕ್ತದಲ್ಲಿ ಸಾಗಿಸಲು ದೇಹಕ್ಕೆ ವಾಹನ ಬೇಕು. ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ವಿಶೇಷ ಪ್ರೋಟೀನ್‌ಗಳು ಈ ವಾಹನವನ್ನು ಕಟ್ಟುತ್ತವೆ. ಅವುಗಳ ಹೆಸರು ಅಪೊಲಿಪೊಪ್ರೋಟೀನ್. ಇವುಗಳಲ್ಲಿ ನಮಗೆ ಮುಖ್ಯವಾದವು ಎರಡು: ಅಪೊ-ಬಿ ಮತ್ತು ಅಪೊ-ಎ1.

ಕಾರ್ಕಳದಿಂದ ಉಡುಪಿಗೆ ಹೋಗುವ ಪ್ರೈವೇಟ್ ಬಸ್ಸನ್ನು ನೆನಪಿಸಿಕೊಳ್ಳಿ. "ಕೆಟ್ಟ ಕೊಲೆಸ್ಟ್ರಾಲ್" ಎಂದು ಕರೆಸಿಕೊಳ್ಳುವ ಎಲ್‌ಡಿಎಲ್ ಅಂಥ ಒಂದು ಬಸ್ಸು. ಒಳಗಿರುವ ಪ್ರಯಾಣಿಕರೇ ಕೊಲೆಸ್ಟ್ರಾಲ್. ಒಂದು ಬಸ್ಸಿನಲ್ಲಿ ಜನ ಕಿಕ್ಕಿರಿದಿರಬಹುದು, ಇನ್ನೊಂದರಲ್ಲಿ ಅರ್ಧ ಸೀಟು ಖಾಲಿ ಇರಬಹುದು. ಆದರೆ ಕಂಡಕ್ಟರ್ ಮಾತ್ರ ಬಸ್ಸಿಗೆ ಒಬ್ಬನೇ. ಆ ಕಂಡಕ್ಟರೇ ಅಪೊ-ಬಿ. ಒಂದು ಎಲ್‌ಡಿಎಲ್ ಕಣಕ್ಕೆ ಒಂದೇ ಒಂದು ಅಪೊ-ಬಿ. ರಕ್ತದಲ್ಲಿ ಅಪೊ-ಬಿ ಎಷ್ಟಿದೆ ಎಂದು ಅಳೆದರೆ ಇಂಥ ಬಸ್ಸುಗಳು ಎಷ್ಟಿವೆ ಎಂದು ಲೆಕ್ಕ ಸಿಗುತ್ತದೆ.

ಎಚ್‌ಡಿಎಲ್ ಬೇರೆ ಬಗೆಯ ಗಾಡಿ. ಮನೆಮನೆಯಿಂದ ಹಳೆ ಸಾಮಾನು ಒಟ್ಟುಮಾಡುವ ಗುಜರಿ ಟೆಂಪೋದ ಹಾಗೆ. ಅದರ ಮುಖ್ಯ ಪ್ರೋಟೀನ್ ಅಪೊ-ಎ1. ಜೀವಕೋಶಗಳಲ್ಲಿ ಹೆಚ್ಚಾದ ಕೊಲೆಸ್ಟ್ರಾಲನ್ನು ಎತ್ತಿಕೊಂಡು ಲಿವರಿಗೆ ತಲುಪಿಸುವುದು ಇದರ ಕೆಲಸ.

ಬ್ಲಾಕ್ ಹುಟ್ಟುವುದು ಗೋಡೆಯ ಒಳಗೆ

ಪೈಪಿನ ಒಳಮೈಗೆ ಜಿಡ್ಡು ಅಂಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಅಂಟುವುದಿಲ್ಲ. ಎಲ್‌ಡಿಎಲ್ ಕಣ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಚಿಕ್ಕದು. ಅದು ರಕ್ತನಾಳದ ಒಳಪದರವನ್ನು ದಾಟಿ ಗೋಡೆಯ ಒಳಕ್ಕೇ ನುಗ್ಗುತ್ತದೆ. ನುಗ್ಗಿದ್ದರಲ್ಲಿ ಹೆಚ್ಚಿನವು ವಾಪಸು ಬರುತ್ತವೆ. ಕೆಲವು ಅಲ್ಲೇ ಸಿಕ್ಕಿಬೀಳುತ್ತವೆ. ಹಾಗೆ ಸಿಕ್ಕಿಹಾಕಿಸುವುದೂ ಅಪೊ-ಬಿಯೇ. ಅದರ ಮೇಲಿನ ಕೆಲವು ಭಾಗಗಳು ಗೋಡೆಯೊಳಗಿನ ನಾರಿನಂಥ ಅಣುಗಳಿಗೆ ಅಂಟಿಕೊಳ್ಳುತ್ತವೆ. ರಸ್ತೆಯಲ್ಲಿ ಬಸ್ಸು ಹೆಚ್ಚಿದಷ್ಟೂ ಸಿಕ್ಕಿಬೀಳುವ ಬಸ್ಸೂ ಹೆಚ್ಚು.

ಸಿಕ್ಕಿಬಿದ್ದ ಕಣ ಅಲ್ಲಿ ಕೆಡಲು ಶುರುವಾಗುತ್ತದೆ. ಡಬ್ಬದ ಮೂಲೆಯಲ್ಲಿ ಮರೆತುಹೋದ ಚಕ್ಕುಲಿ ತಿಂಗಳ ಮೇಲೆ ಕಮಟು ವಾಸನೆ ಬರುತ್ತದಲ್ಲ, ಅದು ಎಣ್ಣೆ ಆಮ್ಲಜನಕದ ಜೊತೆ ಸೇರಿ ಕೆಟ್ಟ ವಾಸನೆ. ಇದಕ್ಕೆ ಉತ್ಕರ್ಷಣ ಎನ್ನುತ್ತಾರೆ. ರಕ್ತನಾಳದ ಗೋಡೆಯಲ್ಲೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ನಮ್ಮ ಜೀವಕೋಶಗಳು ಕೆಲಸ ಮಾಡುವಾಗ ತೀರಾ ಚುರುಕಾದ ಆಮ್ಲಜನಕದ ಅಣುಗಳು ಹುಟ್ಟುತ್ತಿರುತ್ತವೆ. ಅವನ್ನು ತಣಿಸುವ ವ್ಯವಸ್ಥೆಯೂ ದೇಹದಲ್ಲಿದೆ. ತಣಿಸುವುದಕ್ಕಿಂತ ಹುಟ್ಟುವುದೇ ಹೆಚ್ಚಾದಾಗ ಆಗುವ ಏರುಪೇರಿಗೆ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣ ಒತ್ತಡ ಎಂದು ಹೆಸರು. ಬೀಡಿ–ಸಿಗರೇಟಿನ ಹೊಗೆ ಮತ್ತು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದನ್ನು ಹೆಚ್ಚಿಸುತ್ತವೆ.

ಈ ಒತ್ತಡದಲ್ಲಿ ಎಲ್‌ಡಿಎಲ್‌ನ ಕೊಬ್ಬು ಮೊದಲು ಕೆಡುತ್ತದೆ, ಆಮೇಲೆ ಅಪೊ-ಬಿಯ ರೂಪವೂ ಬದಲಾಗುತ್ತದೆ. ಗುರುತು ಸಿಗದ ಮುಖ ಕಂಡ ಕೂಡಲೇ ದೇಹದ ಕಾವಲುಗಾರರು ಎಚ್ಚರವಾಗುತ್ತಾರೆ. ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಕೆಟ್ಟ ಕಣಗಳನ್ನು ನುಂಗತೊಡಗುತ್ತವೆ. ಸಾಕು ಎನ್ನುವುದು ಅವಕ್ಕೆ ಗೊತ್ತಿಲ್ಲ. ಹೊಟ್ಟೆ ತುಂಬಾ ಕೊಬ್ಬು ತುಂಬಿಕೊಂಡು ನೊರೆಯ ಹಾಗೆ ಉಬ್ಬಿ ಅಲ್ಲೇ ಸಾಯುತ್ತವೆ. ಸಾಯುವ ಮೊದಲು ಇನ್ನಷ್ಟು ರಕ್ತಕಣಗಳನ್ನು ಕರೆಯುತ್ತವೆ. ಇದೇ ಉರಿಯೂತ. ಗಾಯವಾದಾಗ ಕೆಂಪಾಗಿ ಊದಿಕೊಳ್ಳುವ ಅದೇ ಪ್ರಕ್ರಿಯೆ, ಆದರೆ ಇಲ್ಲಿ ಕಣ್ಣಿಗೆ ಕಾಣದೆ, ನೋಯದೆ, ವರ್ಷಗಟ್ಟಲೆ ನಡೆಯುತ್ತದೆ.

ಹೀಗೆ ಬೆಳೆದ ಗಂಟಿನಲ್ಲಿ ಕೊಬ್ಬು, ಸತ್ತ ಕೋಶಗಳು, ನಾರು, ಸುಣ್ಣದ ಅಂಶ ಎಲ್ಲ ಇರುತ್ತವೆ. ಅದರ ಮೇಲೊಂದು ಮುಚ್ಚಳದಂಥ ಪದರ. ಉರಿಯೂತ ಆ ಮುಚ್ಚಳವನ್ನು ತೆಳುವಾಗಿಸುತ್ತಾ ಹೋಗುತ್ತದೆ. ಒಂದು ದಿನ ಅದು ಹರಿದರೆ ಒಳಗಿನದು ರಕ್ತಕ್ಕೆ ತಾಗಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ದಾರಿಯನ್ನು ಪೂರ್ತಿ ಮುಚ್ಚಿದರೆ ಹಾರ್ಟ್ ಅಟ್ಯಾಕ್. ನಿನ್ನೆಯವರೆಗೆ ಚೆನ್ನಾಗಿಯೇ ಇದ್ದವರಿಗೆ ಇದ್ದಕ್ಕಿದ್ದಂತೆ ಹೀಗಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಹಾಗಾದರೆ ಕಷಾಯ ಎಲ್ಲಿಗೆ ಹೋಗುತ್ತದೆ?

ಹೊಟ್ಟೆಗೆ. ನಮ್ಮ ಜಠರದಲ್ಲಿರುವ ಆಮ್ಲ ನಿಂಬೆ ರಸಕ್ಕಿಂತಲೂ ಪ್ರಬಲ. ಅಲ್ಲಿಗೆ ಬಿದ್ದ ಹುಳಿಯಿಂದ ಹೊಸದೇನೂ ಆಗುವುದಿಲ್ಲ. ಇನ್ನು ರಕ್ತ. ಅದರ ಪಿಎಚ್ ಮಟ್ಟವನ್ನು ದೇಹ 7.35ರಿಂದ 7.45ರ ನಡುವೆ ಬಿಗಿಯಾಗಿ ಹಿಡಿದಿಡುತ್ತದೆ. ಗಂಟನ್ನು ಕರಗಿಸುವಷ್ಟು ಹುಳಿ ರಕ್ತಕ್ಕೆ ಸೇರಿದರೆ ಮನುಷ್ಯ ಉಳಿಯುವುದೇ ಇಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆ ಹುಳಿ ನೇರವಾಗಿ ತಾಗುತ್ತದೆ. ಬ್ಲಾಕ್ ಇರುವುದು ಗೋಡೆಯ ಒಳಗೆ, ಮುಚ್ಚಳದ ಕೆಳಗೆ. ಅಲ್ಲಿಗೆ ಹುಳಿ ತಲುಪುವ ದಾರಿಯೇ ಇಲ್ಲ.

"ಬೆಳ್ಳುಳ್ಳಿಗಾದರೂ ಶಕ್ತಿ ಇಲ್ವಾ?" ಎಂದು ದೊಡ್ಡಮ್ಮ ಕೇಳಿದರು. ಅದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್‌ಡಿಎಲ್ ಸ್ವಲ್ಪ ಹೆಚ್ಚಿದ್ದ 192 ಜನರನ್ನು ಗುಂಪುಗಳಾಗಿ ಮಾಡಿ ಆರು ತಿಂಗಳು ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿಯ ಮಾತ್ರೆ ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಎಲ್‌ಡಿಎಲ್ ಯಾರಲ್ಲೂ ಗಮನಾರ್ಹವಾಗಿ ಇಳಿಯಲಿಲ್ಲ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಹಾಕಿ, ರುಚಿಗೆ ಅದು ಬೇಕೇ ಬೇಕು. ಔಷಧದ ಬದಲಿಗೆ ಅಲ್ಲ. ಒಂದು ಎಚ್ಚರಿಕೆಯೂ ಇದೆ: ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರು ಬೆಳ್ಳುಳ್ಳಿ ರಸವನ್ನು ಲೋಟಗಟ್ಟಲೆ ಕುಡಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಗುಜರಿ ಟೆಂಪೋವನ್ನೇ ಹೆಚ್ಚಿಸಿ ನೋಡಿದರು

ಬ್ಲಾಕ್ ಕರಗಿಸುವ ಆಸೆ ವಿಜ್ಞಾನಿಗಳಿಗೂ ಇತ್ತು. ಇಟಲಿಯ ಗಾರ್ಡಾ ಸರೋವರದ ದಡದಲ್ಲಿ ಲಿಮೋನೆ ಎಂಬ ಸಣ್ಣ ಊರಿದೆ. ಆ ಊರಿನ ಕೆಲವು ಕುಟುಂಬಗಳಲ್ಲಿ "ಒಳ್ಳೆಯ" ಎಚ್‌ಡಿಎಲ್ ತೀರಾ ಕಡಿಮೆ, ಆದರೂ ಹೃದಯದ ಕಾಯಿಲೆ ಅಷ್ಟಾಗಿ ಇಲ್ಲ. ಕಾರಣ ಹುಡುಕಿದ ಮಿಲಾನ್‌ನ ಸಂಶೋಧಕರಿಗೆ ಅವರ ಅಪೊ-ಎ1 ಪ್ರೋಟೀನಿನಲ್ಲಿ ಒಂದು ಸಣ್ಣ ಬದಲಾವಣೆ ಕಂಡಿತು. ಅದಕ್ಕೆ ಅಪೊ-ಎ1 ಮಿಲಾನೊ ಎಂದು ಹೆಸರಿಟ್ಟರು. ಈ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹೃದ್ರೋಗಿಗಳ ರಕ್ತಕ್ಕೆ ಕೊಟ್ಟಾಗ, 2003ರ ಒಂದು ಸಣ್ಣ ಪ್ರಯೋಗದಲ್ಲಿ ಐದೇ ವಾರದಲ್ಲಿ ಗಂಟಿನ ಗಾತ್ರ ಸುಮಾರು ಶೇ. 4ರಷ್ಟು ಇಳಿದದ್ದು ಕಂಡಿತು. ದೊಡ್ಡ ಸುದ್ದಿಯಾಯಿತು.

ಆದರೆ ಮುಂದೆ ಅದನ್ನು ಸುಧಾರಿಸಿ ಮತ್ತೆ ಪರೀಕ್ಷಿಸಿದಾಗ ಸ್ಟಾಟಿನ್ ಮಾತ್ರೆ ಸೇವಿಸುತ್ತಿದ್ದವರಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ರಕ್ತದಿಂದ ಬೇರ್ಪಡಿಸಿದ ಸಹಜ ಅಪೊ-ಎ1 ಅನ್ನು ಹಾರ್ಟ್ ಅಟ್ಯಾಕ್ ಆದ 18,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಸಾವು, ಮತ್ತೊಂದು ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯುವನ್ನು ಅದು ಗಮನಾರ್ಹವಾಗಿ ತಗ್ಗಿಸಲಿಲ್ಲ.

ಇದರ ಹಿಂದಿನ ಒಂದು ಕಾರಣ ಕುತೂಹಲಕರ. ಉರಿಯೂತ ಜೋರಾಗಿರುವಲ್ಲಿ ಅಪೊ-ಎ1 ಕೂಡ ಉತ್ಕರ್ಷಣಕ್ಕೆ ಸಿಕ್ಕಿ ಕೆಡುತ್ತದೆ. ಗುಜರಿ ಎತ್ತಲು ಹೋದ ಟೆಂಪೋವೇ ಗುಜರಿಯಾದ ಹಾಗೆ. ಹಾಗಾಗಿ ಎಚ್‌ಡಿಎಲ್ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಸುರಕ್ಷಿತ ಎಂದು ಹೇಳಲಾಗುವುದಿಲ್ಲ. ಕೊಲೆಸ್ಟ್ರಾಲ್ ಎತ್ತುವುದೇ ಕಸುಬಾಗಿರುವ ಪ್ರೋಟೀನನ್ನು ನೇರವಾಗಿ ರಕ್ತಕ್ಕೆ ಕೊಟ್ಟರೂ ಆಗದ ಕೆಲಸವನ್ನು ಹೊಟ್ಟೆಗೆ ಹೋದ ವಿನೆಗರ್ ಮಾಡುತ್ತದೆ ಎಂದು ನಂಬುವುದು ಹೇಗೆ?

"ಉತ್ಕರ್ಷಣವೇ ತಪ್ಪಿತಸ್ಥ ಆದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತಲ್ಲ?" ಇದು ಇನ್ನೊಂದು ಫಾರ್ವರ್ಡ್. ಸುಮಾರು 9,500 ಜನರಿಗೆ ನಾಲ್ಕೂವರೆ ವರ್ಷ ವಿಟಮಿನ್ ಇ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಹೃದಯಕ್ಕೆ ಅದರಿಂದ ಲಾಭವಾಗಲಿಲ್ಲ. ಉರಿಯೂತವನ್ನೇ ತಗ್ಗಿಸುವ ಒಂದು ದುಬಾರಿ ಇಂಜೆಕ್ಷನ್ ಹಾರ್ಟ್ ಅಟ್ಯಾಕನ್ನು ಸ್ವಲ್ಪ ಕಡಿಮೆ ಮಾಡಿದ್ದು ನಿಜ. 2017ರಲ್ಲಿ 10,000 ಜನರ ಅಧ್ಯಯನ ಅದನ್ನು ತೋರಿಸಿತು. ಆದರೆ ಉರಿಯೂತ ನಮ್ಮ ರಕ್ಷಣೆಯೂ ಹೌದು. ಅದನ್ನು ತಗ್ಗಿಸಿದಾಗ ಸೋಂಕಿನಿಂದ ಸಾಯುವವರ ಸಂಖ್ಯೆ ಹೆಚ್ಚಿತು.

ಬೆಂಗಳೂರಿನಲ್ಲಿ ಕಂಡ ಒಗಟು

"ನನ್ನ ಕೊಲೆಸ್ಟ್ರಾಲ್ ನಾರ್ಮಲ್ ಇತ್ತು, ಆದ್ರೂ ಅಟ್ಯಾಕ್ ಆಯ್ತಲ್ಲ?" ದೊಡ್ಡಪ್ಪ ಕೇಳಿದ ಈ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 1996ರಲ್ಲಿ ಬೆಂಗಳೂರಿನ ಡಾ. ಪ್ರೇಮ್ ಪಾಯ್ಸ್ ಮತ್ತು ಸಂಗಡಿಗರು ಮೊದಲ ಬಾರಿ ಹಾರ್ಟ್ ಅಟ್ಯಾಕ್ ಆದ 200 ಜನರನ್ನು, ಆಗದ 200 ಜನರ ಜೊತೆ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬೀಡಿ–ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇವುಗಳ ಕೈವಾಡ ಸ್ಪಷ್ಟವಾಗಿ ಕಂಡಿತು. ಕೊಲೆಸ್ಟ್ರಾಲ್ ಸಂಖ್ಯೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಆದ ಮೇಲೆ ಆ ಸಂಖ್ಯೆ ಕೆಲವು ದಿನ ತಾನಾಗಿ ಇಳಿಯುವುದೂ ಉಂಟು.

ಆ ಲೇಖನದ ಲೇಖಕರಲ್ಲಿ ಸಲೀಂ ಯೂಸುಫ್ ಕೂಡ ಒಬ್ಬರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಮುಂದೆ ಕೆನಡಾದಲ್ಲಿ ನೆಲೆಸಿದವರು. ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 30,000 ಜನರನ್ನು ಸೇರಿಸಿಕೊಂಡ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಅಲ್ಲಿ ಕೊಲೆಸ್ಟ್ರಾಲ್ ಜೊತೆ ಅಪೊ-ಬಿ ಮತ್ತು ಅಪೊ-ಎ1ನ್ನೂ ಅಳೆದರು. ಪ್ರಯಾಣಿಕರ ಬದಲು ಬಸ್ಸುಗಳನ್ನು ಎಣಿಸಿದ ಹಾಗೆ. ಈ ಎರಡು ಪ್ರೋಟೀನ್‌ಗಳ ಅನುಪಾತ ಮತ್ತು ಧೂಮಪಾನ, ಇವೆರಡೇ ಹಾರ್ಟ್ ಅಟ್ಯಾಕಿನ ಅತಿ ಪ್ರಬಲ ಸೂಚಕಗಳಾಗಿ ಕಂಡವು. ದಕ್ಷಿಣ ಏಷ್ಯಾದವರಲ್ಲಿ ಮೊದಲ ಹಾರ್ಟ್ ಅಟ್ಯಾಕಿನ ಸರಾಸರಿ ವಯಸ್ಸು 53, ಬೇರೆ ದೇಶದವರಲ್ಲಿ ಸುಮಾರು 59 ಎಂಬುದೂ ಇದೇ ಅಧ್ಯಯನದ ಮಾಹಿತಿಯಿಂದ ಗೊತ್ತಾಯಿತು.

ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಹೆಚ್ಚಿದ ಟ್ರೈಗ್ಲಿಸರೈಡ್ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುತ್ತವೆ. ಅರ್ಧ ಖಾಲಿ ಬಸ್ಸುಗಳು ಸಾಲುಗಟ್ಟಿ ಬಂದ ಹಾಗೆ. ಪ್ರಯಾಣಿಕರನ್ನು ಎಣಿಸಿದರೆ "ನಾರ್ಮಲ್", ಬಸ್ಸುಗಳನ್ನು ಎಣಿಸಿದರೆ ಟ್ರಾಫಿಕ್ ಜಾಮ್. ಹೀಗಿರುವವರು ಭಾರತೀಯರಲ್ಲಿ ಬಹಳ.

ಇದನ್ನು ನಿಮ್ಮ ರಿಪೋರ್ಟಿನಲ್ಲೇ ಅಂದಾಜು ಮಾಡಬಹುದು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉದಾಹರಣೆಗೆ 190ರಲ್ಲಿ 34 ಕಳೆದರೆ 156. ಅಪೊ-ಬಿ ಇರುವ ಎಲ್ಲ ಬಸ್ಸುಗಳ ಒಟ್ಟು ಹೊರೆ ಅದು. 190 ಎಂದು ನೋಡಿ "ಇನ್ನೂರರ ಒಳಗೇ ಇದೆ" ಎಂದು ಸಮಾಧಾನಪಟ್ಟುಕೊಂಡವರಿಗೆ 156 ಬೇರೆಯೇ ಕತೆ ಹೇಳುತ್ತದೆ. ಈಗಾಗಲೇ ಹೃದಯದ ಕಾಯಿಲೆ ಇದ್ದರೆ ಇದು 100ಕ್ಕಿಂತ, ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಇನ್ನೂ ಇಳಿದರೆ ಒಳ್ಳೆಯದು ಎನ್ನುತ್ತವೆ ಈಗಿನ ಮಾರ್ಗಸೂಚಿಗಳು. ಅಪೊ-ಬಿ ಪರೀಕ್ಷೆ ಪ್ರತ್ಯೇಕವಾಗಿಯೂ ಇದೆ. ನಿಮಗೆ ಬೇಕೇ ಎಂದು ವೈದ್ಯರನ್ನು ಕೇಳಬಹುದು.

ತೆಂಗಿನೆಣ್ಣೆಯ ಮಾತು ಬಂದೇ ಬರುತ್ತದೆ

ನಮ್ಮ ಕರಾವಳಿಯಲ್ಲಿ ಹೃದಯದ ಮಾತು ಬಂದರೆ ತೆಂಗಿನೆಣ್ಣೆ ಬಾರದೆ ಇರುವುದಿಲ್ಲ. "ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲೇ ಇಲ್ಲ" ಎಂಬುದು ನಿಜ. ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಆದರೆ ಅದರ ಹೆಚ್ಚುಕಡಿಮೆ ಶೇ. 90 ಸ್ಯಾಚುರೇಟೆಡ್ ಕೊಬ್ಬು. ಇಂಥ ಕೊಬ್ಬು ಹೆಚ್ಚಾದಾಗ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಡಿಪೋಗೆ ಹೋಗಬೇಕಾದ ಬಸ್ಸುಗಳು ರಸ್ತೆಯಲ್ಲೇ ಉಳಿಯುತ್ತವೆ. 16 ಪ್ರಯೋಗಗಳನ್ನು ಒಟ್ಟು ಸೇರಿಸಿ 2020ರಲ್ಲಿ ನೋಡಿದಾಗ, ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಮಟ್ಟವನ್ನು ಸರಾಸರಿ 10 ಮಿಲಿಗ್ರಾಂನಷ್ಟು, ಎಚ್‌ಡಿಎಲ್ ಮಟ್ಟವನ್ನು ಸುಮಾರು 4 ಮಿಲಿಗ್ರಾಂನಷ್ಟು ಏರಿಸಿತ್ತು. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಆರೋಗ್ಯವಂತರು ಪಲ್ಯಕ್ಕೆ, ಒಗ್ಗರಣೆಗೆ ಮಿತವಾಗಿ ಬಳಸಿದರೆ ಭಯಪಡಬೇಕಿಲ್ಲ. ಬ್ಲಾಕ್ ಇರುವವರು ದಿನಾ ಬೆಳಿಗ್ಗೆ ಎರಡು ಚಮಚ "ಔಷಧ" ಎಂದು ಕುಡಿಯುವುದು ಬೇಡ.

ಮಾತ್ರೆ ನಿಜಕ್ಕೂ ಏನು ಮಾಡುತ್ತದೆ?

ಸ್ಟಾಟಿನ್ ಮಾತ್ರೆ ಲಿವರಿನಲ್ಲಿ ಎಲ್‌ಡಿಎಲ್ ಹಿಡಿಯುವ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಆ ಬಾಗಿಲು ತೆರೆಯುವ ಕೀಲಿಕೈ ಅಪೊ-ಬಿಯೇ. ಆಗ ರಸ್ತೆಯಲ್ಲಿ ಬಸ್ಸು ಕಡಿಮೆಯಾಗುತ್ತದೆ, ಸಿಕ್ಕಿಬೀಳುವುದು, ಕೆಡುವುದು, ಉರಿಯೂತ ಎಲ್ಲವೂ ಕಡಿಮೆಯಾಗುತ್ತವೆ. ಗಂಟು ಪೂರ್ತಿ ಮಾಯವಾಗುವುದಿಲ್ಲ. ಸ್ವಲ್ಪ ಕುಗ್ಗಬಹುದು. ಅದಕ್ಕಿಂತ ಮುಖ್ಯವಾಗಿ ಅದರ ಮುಚ್ಚಳ ಗಟ್ಟಿಯಾಗಿ ಹರಿಯುವ ಸಾಧ್ಯತೆ ಇಳಿಯುತ್ತದೆ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನಂಥ ಆಘಾತಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ ಎಂದು ದೊಡ್ಡ ದೊಡ್ಡ ಅಧ್ಯಯನಗಳು ತೋರಿಸಿವೆ. "ಕೆಮಿಕಲ್ ಬೇಡ, ನೈಸರ್ಗಿಕ ಬೇಕು" ಎನ್ನುವವರಿಗೆ ಒಂದು ವಿಷಯ: ಮೊದಲ ಸ್ಟಾಟಿನನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೇರ್ಪಡಿಸಿದ್ದು ಒಂದು ಬೂಷ್ಟಿನಿಂದ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಸ್ಟೆಂಟ್ ಒಂದು ಲೋಹದ ಬಲೆ. ರಕ್ತನಾಳ ಅದನ್ನು ತನ್ನ ಪದರದಿಂದ ಮುಚ್ಚಿಕೊಳ್ಳುವವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅಷ್ಟರೊಳಗೆ ಮಾತ್ರೆ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಿ ಪ್ರಾಣಕ್ಕೆ ಕುತ್ತಾಗಬಹುದು. ಕಷಾಯದ ಫಾರ್ವರ್ಡ್‌ನಿಂದ ನಿಜವಾದ ಅಪಾಯ ಇರುವುದು ಇಲ್ಲಿ.

ನೆನಪಿಡಬೇಕಾದ್ದು

- ಮಾತ್ರೆಯಿಂದ ಮೈಕೈ ನೋವು, ಹೊಟ್ಟೆ ಉರಿ ಬಂದರೆ ವೈದ್ಯರಿಗೆ ಹೇಳಿ. ಡೋಸ್ ಅಥವಾ ಮಾತ್ರೆ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ.
- ಉತ್ಕರ್ಷಣ ಒತ್ತಡ ಮತ್ತು ಉರಿಯೂತ ತಗ್ಗಿಸಲು ಮಾತ್ರೆಯ ಜೊತೆಗೆ ನಿಮ್ಮ ಕೈಯಲ್ಲೇ ಇರುವ ದಾರಿ: ಬೀಡಿ–ಸಿಗರೇಟು ಬಿಡುವುದು, ಬಿಪಿ ಮತ್ತು ಸಕ್ಕರೆ ಹತೋಟಿಯಲ್ಲಿಡುವುದು, ದಿನಾ ನಡೆಯುವುದು. ಬೀಡಿ ಕಟ್ಟುವ ಮನೆಗಳು ನಮ್ಮ ಕಡೆ ಬಹಳ. ಕಟ್ಟುವುದು ಹೊಟ್ಟೆಪಾಡು, ಸೇದುವುದನ್ನಾದರೂ ಬಿಡಬಹುದು.
- ಊಟದಲ್ಲಿ ತರಕಾರಿ, ಕಾಳು, ಬಂಗುಡೆ–ಬೂತಾಯಿಯಂಥ ಮೀನಿನ ಸಾರು ಇರಲಿ. ಕರಿದದ್ದು ಕಡಿಮೆ ಇರಲಿ.
- ಎದೆ ಹಿಂಡಿದ ಹಾಗೆ ನೋವು, ಅದು ಕೈಗೆ, ದವಡೆಗೆ ಹರಡುವುದು, ತಣ್ಣನೆ ಬೆವರು, ಉಸಿರುಕಟ್ಟುವಿಕೆ ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ದೊಡ್ಡಪ್ಪನನ್ನು ಮರುದಿನವೇ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಅದೃಷ್ಟಕ್ಕೆ ಏನೂ ಆಗಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ಈಗ ಬೆಳಗ್ಗಿನ ಮಾತ್ರೆ ನುಂಗಿದ ಮೇಲೆ ಡಬ್ಬಿಯ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಆ ಕಷಾಯದ ಮೆಸೇಜ್ ಕಳಿಸಿದ ಸಂಬಂಧಿಕರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ದೊಡ್ಡಪ್ಪ ಚೆನ್ನಾಗಿರಲಿ ಎಂದೇ ಕಳಿಸಿದ್ದು. ನಿಮ್ಮ ಗ್ರೂಪಿನಲ್ಲಿ ಇಂಥ ಫಾರ್ವರ್ಡ್ ಬಂದಿದ್ದರೆ ಜಗಳ ಬೇಡ. "ಕಷಾಯ ಕುಡಿಯುವುದಾದರೆ ಡಾಕ್ಟರನ್ನು ಒಮ್ಮೆ ಕೇಳಿ, ಮಾತ್ರೆ ಮಾತ್ರ ಬಿಡಬೇಡಿ" ಎಂದು ಕೆಳಗೆ ಒಂದು ಸಾಲು ಬರೆಯಿರಿ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ.)